ಮೂರು ದಿನದ ಬಿಲ್ಲೆ

ಮೂರು ಸಾಲಿನ ಸುದ್ದಿ ಅದು. 1976ರ ಬೇಸಿಗೆ ಆಗಷ್ಟೇ ಶುರುವಾಗಿತ್ತು. ಪತ್ರಿಕೆಯ ನಾಲ್ಕನೆಯ ಪುಟದಲ್ಲಿ, ಸಿನಿಮಾ ಜಾಹೀರಾತಿನ ಪಕ್ಕ, ‘ಬಂಧಿತ ಕಾರ್ಮಿಕನ ಬಿಡುಗಡೆ’ ಎಂಬ ತಲೆಬರಹದಲ್ಲಿ ಅಚ್ಚಾಯಿತು. ಗಣಿಯ ಗೇಟಿಗೆ ಅಂಟಿಸಿದ್ದ ನೋಟೀಸನ್ನು ಹರಿದ ಆರೋಪದ ಮೇಲೆ ಭಾನುವಾರ ಬಂಧಿತನಾಗಿದ್ದ ಕಾರ್ಮಿಕನನ್ನು ಅಂದೇ ಬಿಡಲಾಗಿದೆ, ಸೋಮವಾರದಿಂದ ಅವನು ಎಂದಿನಂತೆ ಕೆಲಸಕ್ಕೆ ಹಾಜರಾಗಿದ್ದಾನೆ ಎಂದು ಅದರಲ್ಲಿತ್ತು. ಬರೆದವನು ನಾನು. ಎರಡು ಸಂಗತಿಗಳೂ ಸುಳ್ಳು. ಎರಡು ಕಡೆ ವಿಚಾರಿಸಿ, ಖಾತ್ರಿಪಡಿಸಿಕೊಂಡೇ ಬರೆದಿದ್ದೆ.

ಆಗ ನಾನು ಬೆಂಗಳೂರಿನ ಒಂದು ದಿನಪತ್ರಿಕೆಗೆ ಬಂಗಾರಪೇಟೆಯ ವರದಿಗಾರ. ತಾಲ್ಲೂಕು ಕಚೇರಿ, ತರಕಾರಿ ಮಂಡಿ, ರೈಲ್ವೆ ಜಂಕ್ಷನ್ನು, ಕೆಜಿಎಫ್‌ನ ಗಣಿಗಳು ಎಲ್ಲವೂ ನನ್ನ ಪಾಲಿಗಿದ್ದವು. ಬರೆದದ್ದನ್ನು ಕವರಿಗೆ ಹಾಕಿ, ಮೇಲೆ ಕೆಂಪು ಶಾಯಿಯಲ್ಲಿ ‘ಸುದ್ದಿ, ತುರ್ತು’ ಎಂದು ಬರೆದು, ಬೆಂಗಳೂರಿಗೆ ಹೋಗುವ ಮಧ್ಯಾಹ್ನದ ಪ್ಯಾಸೆಂಜರ್ ಗಾಡಿಯ ಗಾರ್ಡಿನ ಕೈಗೆ ಕೊಡುತ್ತಿದ್ದೆ. ಅತ್ತ ಕಡೆ ಕಚೇರಿಯ ಜವಾನ ಇಸಕೊಳ್ಳುತ್ತಿದ್ದ. ಗಾಡಿ ತಪ್ಪಿದರೆ ಸುದ್ದಿ ಒಂದು ದಿನ ಹಳತಾಗುತ್ತಿತ್ತು. ತುರ್ತು ಪರಿಸ್ಥಿತಿ ಬಂದ ಮೇಲೆ ಕವರು ಹಗುರವಾಯಿತು. ಯಾರನ್ನಾದರೂ ಹಿಡಿದರು ಎಂಬ ಸುದ್ದಿ ಅಚ್ಚಾಗುತ್ತಿರಲಿಲ್ಲ. ಬಿಟ್ಟರು ಎಂಬುದು ತಕರಾರಿಲ್ಲದೆ ಆಗುತ್ತಿತ್ತು. ಹೀಗಾಗಿ ನಮ್ಮ ಓದುಗರ ಮಟ್ಟಿಗೆ ಈ ಮನುಷ್ಯನ ಬಂಧನ ಮತ್ತು ಬಿಡುಗಡೆ ಎರಡೂ ಒಂದೇ ದಿನ, ಒಂದೇ ವಾಕ್ಯದಲ್ಲಿ ನಡೆದುಹೋದವು.

ಅವನು ಬೂದಿಕೋಟೆ ಕಡೆಯ ಹಳ್ಳಿಯವನು. ಹತ್ತು ವರ್ಷದಿಂದ ಗಣಿಯಲ್ಲಿ ಬಂಡೆ ಕೊರೆಯುವ ಕೆಲಸಕ್ಕಿದ್ದ. ಕಾರ್ಮಿಕರ ಸಾಲುಮನೆಗಳಲ್ಲಿ, ಕೆಜಿಎಫ್‌ನವರು ‘ಲೈನು’ ಎನ್ನುವ ಕಡೆ, ಹೆಂಡತಿಯೊಂದಿಗೆ ಇದ್ದ. ಮಕ್ಕಳಿರಲಿಲ್ಲ. ಮುಷ್ಕರ ಮಾಡಿದರೆ ಶಿಕ್ಷೆ ಎಂಬ ನೋಟೀಸನ್ನು ಗೇಟಿಗೆ ಅಂಟಿಸಿದ್ದರು. ಅದನ್ನು ಎಲ್ಲರೆದುರು ಕಿತ್ತು, ಮಡಚಿ, ಜೇಬಿಗೆ ಇಟ್ಟುಕೊಂಡ. ಭಾನುವಾರ ಬೆಳಿಗ್ಗೆ ಇಬ್ಬರು ಪೇದೆಗಳು ಬಂದು ಕರೆದುಕೊಂಡು ಹೋದರು. ಯಾವ ಠಾಣೆ ಎಂದು ನಾನು ಇಲ್ಲಿ ಬರೆಯುವುದಿಲ್ಲ.

ಗುರುವಾರ ನನಗೆ ವಿಷಯ ತಿಳಿಯಿತು. ಠಾಣೆಗೆ ಹೋದೆ. ಅಧಿಕಾರಿ ಟೀ ತರಿಸಿದರು. ಭಾನುವಾರ ಸಂಜೆಯೇ ಬುದ್ಧಿ ಹೇಳಿ ಕಳಿಸಿದೆವು ಎಂದರು. ಆಮೇಲೆ ಅವರಾಗಿಯೇ, “ನನ್ನ ಮಾತು ನಂಬಬೇಡಿ ರೀ. ಗಣಿಯ ಟೈಂ ಆಫೀಸಿಗೆ ಹೋಗಿ, ಹಾಜರಿ ಪುಸ್ತಕ ನೋಡ್ಕೊಳ್ಳಿ,” ಎಂದರು. ಪೊಲೀಸರು ತಮ್ಮ ಮಾತನ್ನು ನಂಬಬೇಡಿ ಎಂದು ಹೇಳಿದ್ದನ್ನು ನಾನು ಅದಕ್ಕೆ ಮುಂಚೆಯೂ ಆಮೇಲೆಯೂ ಕೇಳಿಲ್ಲ. ಆಗ ಅದು ವಿಚಿತ್ರವೆನಿಸಲಿಲ್ಲ. ಒಂದೇ ಬಾಯಿಂದ ಬಂದದ್ದನ್ನು ಬರೆಯಬಾರದು, ಎರಡನೆಯ ಕಡೆ ಕೇಳಬೇಕು ಎಂಬುದು ನನಗೆ ಕಲಿಸಿದ್ದ ಮೊದಲ ಪಾಠ. ಅಧಿಕಾರಿ ಆ ಎರಡನೆಯ ಕಡೆಯನ್ನು ತಾವೇ ತೋರಿಸಿಕೊಟ್ಟರು.

ಟೈಂ ಆಫೀಸಿನ ಗೋಡೆಗೆ ದೊಡ್ಡ ಹಲಗೆ. ಹಲಗೆಯ ತುಂಬ ಮೊಳೆ. ಮೊಳೆಗೊಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ಕೆಲಸಗಾರನ ನಂಬರು. ಗಣಿಗೆ ಇಳಿಯುವ ಮುಂಚೆ ತನ್ನ ಬಿಲ್ಲೆಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಬೇಕು, ಮೇಲೆ ಬಂದ ಮೇಲೆ ಅದೇ ಮೊಳೆಗೆ ಹಾಕಬೇಕು. ಟೈಂಕೀಪರು ಅದನ್ನು ನೋಡಿ ಪುಸ್ತಕದಲ್ಲಿ ಹಾಜರಿ ಗುರುತು ಹಾಕುತ್ತಾನೆ. ಇದು ಬರೀ ಹಾಜರಿಗಾಗಿ ಅಲ್ಲ. ಕೆಳಗೆ ಬಂಡೆ ಸಿಡಿದು ಸುರಂಗ ಕುಸಿದರೆ ಯಾವ ಮೊಳೆ ಖಾಲಿ ಇದೆಯೋ ಆ ನಂಬರಿನವನನ್ನು ಹುಡುಕಿ ಅಗೆಯುತ್ತಾರೆ. ಟೈಂಕೀಪರು ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಸಾಲಿನ ಮೇಲೆ ಬೆರಳಿಟ್ಟ. ಸೋಮವಾರ, ಮಂಗಳವಾರ, ಬುಧವಾರ: ಮೂರು ದಿನವೂ ಹಾಜರು. ಗುರುವಾರದ್ದು ಇನ್ನೂ ಖಾಲಿ. ಶಿಫ್ಟು ಮುಗಿದಿಲ್ಲವಲ್ಲ ಎಂದುಕೊಂಡೆ. ಅವನು ತಲೆಯೆತ್ತಿ ನನ್ನ ಮುಖ ನೋಡಲಿಲ್ಲ ಎಂಬುದು ನನಗೆ ನೆನಪಿದೆ. ಆ ದಿನ ಅದನ್ನು ಸಹ ಬರೆದುಕೊಳ್ಳಲಿಲ್ಲ.

ಅವನ ಮನೆ ಇದ್ದ ಲೈನು, ಚಿನ್ನ ತೆಗೆದು ಉಳಿದ ಪುಡಿಮಣ್ಣು ಸುರಿಯುವ ಸೈನೈಡ್ ದಿಬ್ಬದ ಆಚೆ, ನಡೆದರೆ ಕಾಲು ಗಂಟೆ. ಬಂಗಾರಪೇಟೆಗೆ ವಾಪಸಾಗಿ ಕವರು ಕೊಡಲು ನನಗೆ ಸಮಯ ಲೆಕ್ಕದಷ್ಟೇ ಇತ್ತು. ಎರಡು ಕಡೆ ಕೇಳಿಯಾಗಿತ್ತು. ಗಾಡಿ ಹಿಡಿದೆ.

ಮೂರು ವಾರದ ಮೇಲೆ ಅವನ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂಗಾರಪೇಟೆಗೆ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು, ಗಟ್ಟಿ ಮೈಕಟ್ಟು. ಓದು ಬರಹ ಬರುತ್ತಿರಲಿಲ್ಲ. ಲೈನಿನಲ್ಲಿ ಯಾರೋ ಸುದ್ದಿಯನ್ನು ಓದಿ ಹೇಳಿದ್ದರು. ಗಂಡ ಮನೆಗೆ ಬಂದಿಲ್ಲ ಎಂದಳು. ನಂತರ ಒಂದೊಂದೇ ದಿನವನ್ನು ಹೇಳಿದಳು. ಸೋಮವಾರ ಬೆಳಿಗ್ಗೆ ಕ್ಯಾರಿಯರ್‌ನಲ್ಲಿ ಮುದ್ದೆ, ಹುರುಳಿಕಾಳು ಸಾರು ತೆಗೆದುಕೊಂಡು ಠಾಣೆಗೆ ಹೋಗಿದ್ದಳು. ಪೇದೆ ಒಳಗೆ ಕೊಂಡೊಯ್ದು ಖಾಲಿ ಕ್ಯಾರಿಯರ್ ತಂದುಕೊಟ್ಟ. ಮಂಗಳವಾರವೂ ಹಾಗೆಯೇ. ಬುಧವಾರ ಅದು ತುಂಬಿದ್ದಂತೆಯೇ ವಾಪಸು ಬಂತು. ನಾಳೆಯಿಂದ ತರಬೇಡ ಎಂದ. ಗುರುವಾರ ಹೋದರೆ, ನಿನ್ನ ಗಂಡನನ್ನು ಭಾನುವಾರವೇ ಬಿಟ್ಟೆವಲ್ಲ ಎಂದರು.

“ಬಾನ್ವಾರ ಬಿಟ್ಟಿದ್ರೆ ಸೋಮ್ವಾರ ಉಂಡೋರ್ ಯಾರು, ಪೇಪರ್‌ನೋರೇ?” ಎಂದು ಕೇಳಿದಳು.

ಅದನ್ನು ಹಾಗೆಯೇ ಬರೆದು ಕಳಿಸಿದೆ. ಅಚ್ಚಾಗಲಿಲ್ಲ. ಮೇಲಿನವರು ತಡೆದರು ಎಂದು ಕಚೇರಿಯಿಂದ ಒಂದು ಸಾಲು ಬಂತು. ಅವಳ ಮಾತನ್ನು ಸುದ್ದಿಯಾಗಿ ಬರೆದೆನೇ ಹೊರತು ನನ್ನ ಹಳೆಯ ಸುದ್ದಿ ತಪ್ಪು ಎಂದು ಬರೆದಿರಲಿಲ್ಲ.

ಮರುವರ್ಷ ಸರ್ಕಾರ ಬದಲಾಯಿತು. ತುರ್ತು ಪರಿಸ್ಥಿತಿಯ ಅನ್ಯಾಯಗಳ ವಿಚಾರಣೆಗೆ ಆಯೋಗಗಳು ಕೂತವು. ಅವಳ ಹೆಬ್ಬೆಟ್ಟಿನ ಅರ್ಜಿಯೊಂದನ್ನು ನಾನೇ ಬರೆದುಕೊಟ್ಟೆ. ಅದು ತಲುಪಿದೆ ಎಂದು ಒಂದು ಕಾರ್ಡು ಬಂತು, ಆಮೇಲೆ ಏನೂ ಬರಲಿಲ್ಲ. 1978ರಲ್ಲಿ ಕೋಲಾರದ ವಕೀಲರೊಬ್ಬರು ಫೀಸಿಲ್ಲದೆ ಅವಳ ಪರವಾಗಿ ಸರ್ಕಾರದ ಮೇಲೆ ದಾವೆ ಹೂಡಲು ಒಪ್ಪಿದರು. ಹೂಡುವ ಮುಂಚೆ ಅವಳಿಗೆ ಸುಲಭದ ದಾರಿಯನ್ನೂ ತಿಳಿಸಿದರು. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತವನೆಂದು ಕಾನೂನೇ ಭಾವಿಸುತ್ತದೆ. ಇನ್ನೈದು ವರ್ಷ ಸುಮ್ಮನೆ ಕೂತರೆ ಜಗಳವಿಲ್ಲದೆ ಕಾಗದ ಸಿಗುತ್ತದೆ ಎಂದರು. ಅವಳು ಬೆಂಚಿನ ಅಂಚಿನಲ್ಲಿ ಕೂತಿದ್ದಳು.

“ಸತ್ತ ಅಂತ ನಂಗ್ ಗೊತ್ತು ಸಾಮಿ. ಅದ್ನ ಯೇಳಕ್ಕೆ ಕೋರ್ಟ್ ಬೇಡ. ಠಾಣೇಲಿ ಸತ್ತ ಅಂತ ಬರೀಬೇಕು. ಅಷ್ಟೇಯ.”

ವಕೀಲರು ನನ್ನ ಕಡೆ ನೋಡಿದರು. ದಾವೆ ಹೂಡಿದ್ದು ಆ ಒಂದು ಸಾಲಿಗಾಗಿ. ಪರಿಹಾರ ಎಂಬ ಅಂಶವನ್ನು ಅರ್ಜಿಯಲ್ಲಿ ಸೇರಿಸಿದ್ದು ವಕೀಲರು. ಅವಳು ಒಮ್ಮೆಯೂ ಅದರ ಬಗ್ಗೆ ಕೇಳಲಿಲ್ಲ.

ಸರ್ಕಾರದ ಉತ್ತರ ಬರಲು ಒಂದು ವರ್ಷ ಹಿಡಿಯಿತು. ಉತ್ತರದ ಜೊತೆ ಎರಡು ದಾಖಲೆ ಇದ್ದವು. ಒಂದು, ಗಣಿಯ ಹಾಜರಿ ಪುಸ್ತಕದ ನಕಲು. ಇನ್ನೊಂದು, ನನ್ನ ಮೂರು ಸಾಲಿನ ಸುದ್ದಿಯ ತುಣುಕು. ಠಾಣೆಯ ದಿನಚರಿಯಲ್ಲಿ ಭಾನುವಾರ ಸಂಜೆ ಬಿಡುಗಡೆ ಎಂದಿದೆ, ಮುಂದಿನ ಮೂರು ದಿನ ಅವನು ಕೆಲಸ ಮಾಡಿದ್ದಾನೆ, ಪತ್ರಿಕೆಯೂ ಅದನ್ನೇ ವರದಿ ಮಾಡಿದೆ, ಆನಂತರ ಎಲ್ಲಿಗೋ ಹೊರಟುಹೋಗಿದ್ದಾನೆ ಎಂಬುದು ಅವರ ವಾದ. ಕೋರ್ಟಿನ ವರಾಂಡದಲ್ಲಿ ವಕೀಲರು ಅದನ್ನು ಓದಿ ಹೇಳಿದಾಗ ಅವಳು ಕಂಬಕ್ಕೆ ಒರಗಿ ನಿಂತಿದ್ದಳು.

“ಕೆಲ್ಸಕ್ ಓಗಿದ್ನಾ?” ಎಂದಳು. ಅಷ್ಟೇ ಕೇಳಿದ್ದು.

ಆ ಪ್ರಶ್ನೆ ಅವಳೊಳಗೆ ಮಾಡಿದ ಕೆಲಸವನ್ನು ನಾನು ಆಮೇಲಿನ ತಿಂಗಳುಗಳಲ್ಲಿ ಕಂಡೆ. ಮೂರು ದಿನ ಗಣಿಗೆ ಹೋಗಿ, ಮನೆಗೆ ಬಾರದೆ ಇದ್ದನೆಂದರೆ ಅವಳನ್ನು ಬಿಟ್ಟುಹೋದ ಎಂದೇ ಅರ್ಥ. ಹಳ್ಳಿಯಲ್ಲಿ ಮಾತು ಹರಡಿತು. ಕುಪ್ಪಂ ಕಡೆ ಇನ್ನೊಂದು ಮನೆ ಮಾಡಿದ್ದಾನಂತೆ ಎಂದು ಒಬ್ಬರು, ಅಲ್ಲಿ ಎಮ್ಮೆ ಕಟ್ಟಿದ್ದಾನಂತೆ ಎಂದು ಇನ್ನೊಬ್ಬರು ಹೇಳಿದರು. ಬೋರ್‌ವೆಲ್ ಹತ್ತಿರ ಒಬ್ಬಳು, ಕುಂಕುಮ ಇಟ್ಕೋ ತಾಯಿ, ನಿನ್ನ ಗಂಡ ಬದುಕಿರೋದನ್ನ ಸರ್ಕಾರವೇ ಹೇಳ್ತಾ ಇದೆಯಲ್ಲ ಎಂದಳಂತೆ. ಲೈನಿನ ಮನೆಯನ್ನು ಅವಳು ಬಿಟ್ಟುಕೊಟ್ಟು ಬಹಳ ದಿನವಾಗಿತ್ತು. ತವರಿನಲ್ಲಿದ್ದು ಕೂಲಿಗೆ ಹೋಗುತ್ತಿದ್ದಳು. ಎರಡು ವಾಯಿದೆಗೆ ಕೋರ್ಟಿಗೇ ಬರಲಿಲ್ಲ.

ಮೂರನೆಯದಕ್ಕೆ ಬಂದಳು, ಜೊತೆಗೆ ಗಂಡನ ಜೋಡಿ ಕೆಲಸಗಾರನನ್ನು ಕರೆತಂದಿದ್ದಳು. ಮಾರಿಕುಪ್ಪಂನ ತಮಿಳು ಮನುಷ್ಯ, ಐವತ್ತು ದಾಟಿದವನು. ಒಂದೇ ಡ್ರಿಲ್ಲನ್ನು ಇಬ್ಬರೂ ಹತ್ತು ವರ್ಷ ಹಿಡಿದಿದ್ದರು. ಗಂಡ ಹೋದ ಮೇಲೆ ತಿಂಗಳಿಗೊಮ್ಮೆ ಅವಳ ಹಳ್ಳಿಗೆ ಬಂದು ಮಾತನಾಡಿಸಿ ಹೋಗುತ್ತಿದ್ದ. ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು, ಅವನು ಅವಳನ್ನು ತಂಗಚ್ಚಿ ಎನ್ನುತ್ತಿದ್ದ. ಆ ದಿನ ಕೋರ್ಟು ಹತ್ತು ನಿಮಿಷದಲ್ಲಿ ಮುಗಿಯಿತು. ಬಂಗಾರಪೇಟೆಯಿಂದ ಮಾರಿಕುಪ್ಪಂ ಗಾಡಿಗೆ ಮೂವರೂ ಹತ್ತಿದೆವು. ನನಗೆ ಗಣಿಯಲ್ಲಿ ಬೇರೆ ಕೆಲಸವಿತ್ತು. ಅವಳಿಗೆ ಟೈಂಕೀಪರನ್ನು ಕಂಡು, ತನ್ನ ಗಂಡ ಆ ಮೂರು ದಿನ ಬಂದಿದ್ದನೇ ಎಂದು ಮುಖ ನೋಡಿ ಕೇಳಬೇಕಿತ್ತು. ಮಧ್ಯಾಹ್ನದ ಡಬ್ಬಿಯಲ್ಲಿ ಜನ ಕಡಿಮೆ.

ಗಾಡಿ ಬಿಟ್ಟ ಸ್ವಲ್ಪ ಹೊತ್ತಿಗೆ ಆ ಮನುಷ್ಯ ಟವಲಿನಿಂದ ಬಾಯಿ ಒರೆಸಿಕೊಂಡು, “ಅವನ್ನ ಕೇಳ್ಬೇಡ ತಂಗಚ್ಚಿ. ಬಿಲ್ಲೆ ಎತ್ತಿದ್ದು ನಾನು,” ಎಂದ.

ಅವನು ವಿವರಿಸಿದ್ದು ಗಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ, ಹೊರಗೆ ಯಾರಿಗೂ ಗೊತ್ತಿರದ ಪದ್ಧತಿ. ಜೋಡಿಯಲ್ಲಿ ಒಬ್ಬನಿಗೆ ಕುಡಿದು ಏಳಲಾಗದಿದ್ದರೆ, ಊರಲ್ಲಿ ಸಾವಾದರೆ, ಹೆಂಡತಿಗೆ ಹೆರಿಗೆಯಾದರೆ, ಇನ್ನೊಬ್ಬ ಎರಡು ಬಿಲ್ಲೆ ಎತ್ತುತ್ತಾನೆ. ಇಬ್ಬರ ಪಾಲಿನ ಕೆಲಸವನ್ನು ಗುಂಪು ಹಂಚಿಕೊಳ್ಳುತ್ತದೆ. ಟೈಂಕೀಪರು ಕಂಡರೂ ಕಾಣದಂತೆ ಇರುತ್ತಾನೆ. ಆ ದಿನಗಳಲ್ಲಿ ರಜೆ ಹೇಳದೆ ಮೂರು ದಿನ ತಪ್ಪಿದರೆ ಹೆಸರು ಹೊಡೆಯುತ್ತಿದ್ದರು, ಅದರಲ್ಲೂ ಠಾಣೆಗೆ ಹೋದವನಿಗೆ ಮಾಫಿ ಇರಲಿಲ್ಲ. ಇವತ್ತು ಬಿಡುತ್ತಾರೆ, ನಾಳೆ ಬಿಡುತ್ತಾರೆ ಎಂದುಕೊಂಡು ಸೋಮವಾರ ಎತ್ತಿದ. ಮಂಗಳವಾರ ಎತ್ತಿದಾಗ ಟೈಂಕೀಪರು, ಏನಪ್ಪಾ, ನಿನ್ನ ಜೋಡಿ ಇವತ್ತು ಗಾಳಿಯಾಗಿ ಬಂದವ್ನಾ ಎಂದು ನಕ್ಕಿದ್ದ. ಬುಧವಾರವೂ ಎತ್ತಿದ. ಆ ದಿನ ಮೇಲೆ ಬಂದಾಗ ಟೈಂಕೀಪರು ನಗಲಿಲ್ಲ. ಪೊಲೀಸಿನವರು ಬಂದಿದ್ದರು, ಪುಸ್ತಕ ಕೇಳಿದರು, ನೋಡಿದರು, ಸರಿ ಎಂದು ಹೋದರು ಎಂದ. ಎರಡನೆಯ ಬಿಲ್ಲೆಯನ್ನು ಮೊಳೆಗೆ ಹಾಕಿದವನು ಮತ್ತೆ ಅದನ್ನು ಮುಟ್ಟಲಿಲ್ಲ.

ಠಾಣೆಯ ದಿನಚರಿಯ ಭಾನುವಾರದ ಸಾಲನ್ನು ಬುಧವಾರದ ನಂತರ ಬರೆದಿರಬೇಕು ಎಂಬುದು ನನ್ನ ಊಹೆ. ಅದು ಸಾಬೀತಾಗಿಲ್ಲ. ಮೂರು ದಿನ ಹಾಜರಿ ಇದ್ದವನನ್ನು ಅದಕ್ಕೂ ಮುಂಚಿನ ದಿನ ಬಿಡುಗಡೆ ಮಾಡಿರಲೇಬೇಕಿತ್ತು. ಕೆಲಸ ಉಳಿಸಲು ಎತ್ತಿದ ಬಿಲ್ಲೆ ಅವರಿಗೆ ಆ ಭಾನುವಾರವನ್ನು ಒದಗಿಸಿಕೊಟ್ಟಿತು.

ಗಾಡಿ ಕೋರಮಂಡಲ್ ಸ್ಟೇಷನ್ ದಾಟಿತು.

“ಅಂಗಾರೆ ಅವ್ನು ನನ್ ಬಿಟ್ ಓಗಿಲ್ಲ,” ಎಂದಳು.

“ಇಲ್ಲಮ್ಮಾ.”

“ಕೋರ್ಟ್‌ನಾಗ್ ಯೇಳ್ತೀಯಾ ಅಣ್ಣ?”

ಅವನು ಟವಲನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡ. ಇನ್ನೊಬ್ಬನ ಬಿಲ್ಲೆ ಎತ್ತುವುದು ಗಣಿಯಲ್ಲಿ ಕಳ್ಳತನಕ್ಕಿಂತ ದೊಡ್ಡ ತಪ್ಪು. ಒಪ್ಪಿಕೊಂಡರೆ ಆ ದಿನವೇ ಕೆಲಸ ಹೋಗುತ್ತದೆ, ಕೆಲಸದ ಹಿಂದೆ ಲೈನಿನ ಮನೆ ಹೋಗುತ್ತದೆ. ಮನೆಯಲ್ಲಿ ಕುರುಡಿ ತಾಯಿ, ಮದುವೆಯಾಗದ ಇಬ್ಬರು ಹೆಣ್ಣುಮಕ್ಕಳು. ಇದೆಲ್ಲ ಅವಳಿಗೆ ಗೊತ್ತಿತ್ತು. ಕೊನೆಗೆ ಅವನು, “ರಿಟೈರ್‌ಗೆ ಆರು ವರ್ಷ ಇದೆ,” ಎಂದ.

“ಆರ್ ವರ್ಷ ಕಾಯಣ ಬಿಡು,” ಎಂದಳು. “ಅವ್ನಿಗೇನ್ ಅರ್ಜೆಂಟಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ನೀವು ಬರೀಬೇಡಿ,” ಎಂದಳು.

ಬರೆಯಲಿಲ್ಲ. ವಕೀಲರಿಗೆ ಮಾತ್ರ ತಿಳಿಸಿದೆವು.

ಕೋರ್ಟುಗಳಲ್ಲಿ ವಿಳಂಬವನ್ನು ಶಪಿಸುವ ಕಕ್ಷಿದಾರರನ್ನು ನಾನು ಸಾಕಷ್ಟು ಕಂಡಿದ್ದೇನೆ. ವಾಯಿದೆ ಸಿಕ್ಕಿತೆಂದು ಸಮಾಧಾನದಿಂದ ಮನೆಗೆ ಹೋಗುತ್ತಿದ್ದವಳು ಅವಳೊಬ್ಬಳೇ. ವಕೀಲರು ಪ್ರತಿ ಸಲ ಒಂದು ಕಾರಣ ಹುಡುಕುತ್ತಿದ್ದರು: ದಾಖಲೆಯ ನಕಲು ಬಂದಿಲ್ಲ, ಸಾಕ್ಷಿಗೆ ಜ್ವರ, ತಮಗೇ ಬೇರೆ ಕೋರ್ಟಿನಲ್ಲಿ ಕೆಲಸ. ಸರ್ಕಾರದ ಕಡೆಯಿಂದಲೂ ಕಾರಣಗಳಿಗೆ ಬರವಿರಲಿಲ್ಲ. ನ್ಯಾಯಾಧೀಶರು ಮೂವರು ಬದಲಾದರು. ಸರ್ಕಾರಿ ವಕೀಲರು ಒಮ್ಮೆ ವರಾಂಡದಲ್ಲಿ ನಮ್ಮವರನ್ನು ಕಂಡು, ನಿಮ್ಮ ಕಕ್ಷಿದಾರಳ ಗಂಡನಂತೆ ನಿಮ್ಮ ಕೇಸೂ ತಲೆಮರೆಸಿಕೊಂಡಿದೆಯೇನ್ರೀ ಎಂದರು. ಸುತ್ತ ಇದ್ದವರು ನಕ್ಕರು. ಅವಳು ಎರಡು ಹೆಜ್ಜೆ ಆಚೆ ನಿಂತಿದ್ದಳು.

ನಾವು ಲೆಕ್ಕಕ್ಕೆ ಹಿಡಿಯದೆ ಇದ್ದದ್ದು ಆ ಜೋಡಿ ಕೆಲಸಗಾರನ ಎದೆ. ಬಂಡೆ ಕೊರೆಯುವವರ ಶ್ವಾಸಕೋಶದಲ್ಲಿ ಕಲ್ಲಿನ ದೂಳು ಕೂರುತ್ತದೆ. ಕೂತದ್ದು ಹೊರಬರುವುದಿಲ್ಲ. ಮೊದಲು ಮೆಟ್ಟಿಲು ಹತ್ತುವಾಗ ಅವನು ನಿಲ್ಲುತ್ತಿದ್ದ, ಆಮೇಲೆ ಸಮತಟ್ಟಾದ ರಸ್ತೆಯಲ್ಲೂ ನಿಲ್ಲತೊಡಗಿದ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ನನ್ನನ್ನು ಕಂಡಾಗ ಅವಳ ಮೊದಲ ಮಾತು, “ಅಣ್ಣನ ಉಸ್ರು ಎಂಗೈತೆ?” ಎಂಬುದೇ. ಕಾಡಿನಿಂದ ಆಡುಸೋಗೆ ಸೊಪ್ಪು ತಂದು ಕಷಾಯಕ್ಕೆಂದು ಕಳಿಸುತ್ತಿದ್ದಳು. ಅವನ ನಿವೃತ್ತಿಗೆ ಇನ್ನೆಷ್ಟು ತಿಂಗಳು ಎಂಬುದು ಅವನಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಡುವೆ ಒಂದು ಸಲ ಅವನು ತಾನಾಗಿಯೇ, ಈಗಲೇ ಹೇಳಿಬಿಡುತ್ತೇನೆ ಎಂದು ಬಂದ. ಅವಳು ಬೈದು ವಾಪಸು ಕಳಿಸಿದಳು. ಚಿಕ್ಕ ಮಗಳ ಮದುವೆ ಆಗ ಗೊತ್ತಾಗಿತ್ತು.

1985ರ ಕೊನೆಗೆ ಅವನು ನಿವೃತ್ತನಾದ. ಮರುವರ್ಷ ಸಾಕ್ಷಿ ಶುರುವಾಯಿತು.

ಮೊದಲು ಅವಳು ಹೇಳಿದಳು: ಕ್ಯಾರಿಯರ್, ಮೂರು ದಿನ, ತುಂಬಿದ್ದಂತೆ ವಾಪಸು ಬಂದದ್ದು. ಕ್ಯಾರಿಯರ್ ಕೊಟ್ಟದ್ದಕ್ಕೆ ರಸೀದಿ ಉಂಟೇ ಎಂದು ಸರ್ಕಾರಿ ವಕೀಲರು ಕೇಳಿದರು. ಆಮೇಲೆ ನನ್ನನ್ನು ಕರೆದರು. ಬಿಡುಗಡೆಯನ್ನು ಕಂಡಿರಲಿಲ್ಲ, ಠಾಣೆಯಲ್ಲಿ ಕೇಳಿ, ಹಾಜರಿ ಪುಸ್ತಕ ನೋಡಿ ಬರೆದೆ, ಮನೆಗೆ ಹೋಗಲಿಲ್ಲ ಎಂದೆ. ಸುದ್ದಿ ತಪ್ಪೆಂದು ಆ ಮೇಲೆ ಗೊತ್ತಾಯಿತೇ ಎಂದರು. ಹೌದು ಎಂದೆ. ತಿದ್ದುಪಡಿ ಪ್ರಕಟಿಸಿದಿರೇ ಎಂದರು. ಇಲ್ಲ ಎಂದೆ. ಮೊದಲು ಸೆನ್ಸಾರ್ ಇತ್ತು, ಆಮೇಲೆ ಪ್ರಕರಣ ಕೋರ್ಟಿನಲ್ಲಿತ್ತು ಎಂದು ಹೇಳಬಹುದಿತ್ತು. ಎರಡೂ ನಿಜ. ನಡುವೆ ಒಂದು ವರ್ಷಕ್ಕೂ ಹೆಚ್ಚು ಕಾಲ ಎರಡೂ ಇರಲಿಲ್ಲ ಎಂಬುದೂ ನಿಜ.

ಅವನನ್ನು ಮೆಟ್ಟಿಲ ಮೇಲೆ ಎರಡು ಕಡೆ ಕೂರಿಸಿ ಮೇಲಕ್ಕೆ ಕರೆದೊಯ್ದೆವು. ನ್ಯಾಯಾಧೀಶರು ಕುರ್ಚಿ ಕೊಡಿಸಿದರು. ಅವನು ತಮಿಳು ಬೆರೆತ ಕನ್ನಡದಲ್ಲಿ, ಉಸಿರು ಸಿಕ್ಕಷ್ಟು ಉದ್ದದ ಮಾತುಗಳಲ್ಲಿ ಹೇಳಿದ. “ಬಿಲ್ಲೆ ಎರಡೂ ನನ್ ಜೋಬಲ್ಲಿ ಇತ್ತು ಸಾಮಿ. ಒಂದು ನಂದು, ಒಂದು ಅವಂದು. ಕೆಳಗೆ ಅವನ್ ಇರ್ಲಿಲ್ಲ. ಮೂರ್ ದಿನಾನೂ ಇರ್ಲಿಲ್ಲ.”

ನ್ಯಾಯಾಧೀಶರು ತಾವೇ ಒಂದು ಪ್ರಶ್ನೆ ಕೇಳಿದರು. ಆ ದಿನ ಬಂಡೆ ಸಿಡಿದಿದ್ದರೆ?

“ಇಲ್ದೋನ್ಗೋಸ್ಕರ ಅಗೀತಿದ್ರು ಸಾಮಿ. ತಪ್ಪೇ.”

ಅಷ್ಟರಲ್ಲಿ ಊಟದ ಹೊತ್ತಾಯಿತು. ಪಾಟಿ ಸವಾಲಿಗೆ ಸರ್ಕಾರಿ ವಕೀಲರು ಕಾಲಾವಕಾಶ ಕೇಳಿದರು. ಸಾಕ್ಷಿಯ ಆರೋಗ್ಯ ನೋಡಿ, ಇವತ್ತೇ ಮುಗಿಸಿ ಎಂದು ನಮ್ಮ ವಕೀಲರು ಬೇಡಿಕೊಂಡರು. ಏಳು ವರ್ಷ ವಾಯಿದೆ ಕೇಳುತ್ತ ಬಂದವರು ಅವರೇ ಎಂಬುದು ಕಡತದಲ್ಲಿತ್ತು. ನ್ಯಾಯಾಧೀಶರು ಐದು ವಾರ ಕೊಟ್ಟರು.

ನಾಲ್ಕನೆಯ ವಾರ ಅವನು ತೀರಿಕೊಂಡ.

ಮಣ್ಣು ಮಾಡಿದ ದಿನ ಅವಳು ಬಂದಿದ್ದಳು. ಅಳಲಿಲ್ಲ, ಅವನ ಹೆಂಡತಿಯ ಪಕ್ಕ ಕೂತು ಬಂದವರಿಗೆ ನೀರು ಕೊಡುತ್ತಿದ್ದಳು. ಗಣಿಯವರು ನನಗೆ ಒಂದು ವಿಷಯ ಹೇಳಿದ್ದು ಅಲ್ಲಿ. ಅವಳ ಗಂಡನ ಹೆಸರನ್ನು ಓಡಿಹೋದವನೆಂದು ಹೊಡೆದ ಮೇಲೆ ಆ ನಂಬರನ್ನು ಆಫೀಸಿನವರು ಹೊಸಬನೊಬ್ಬನಿಗೆ ಕೊಟ್ಟರಂತೆ. ಅವನು ಒಂದು ದಿನ ಎತ್ತಿದ. ಯಾರ ಬಿಲ್ಲೆ ಎಂದು ಗುಂಪಿನವರು ಹೇಳಿದ ಮೇಲೆ ಮರುದಿನ ವಾಪಸು ಕೊಟ್ಟ. ಇನ್ನೊಬ್ಬನಿಗೆ ಕೊಟ್ಟರು, ಅವನೂ ಒಲ್ಲೆ ಎಂದ. ಸತ್ತವನ ಬಿಲ್ಲೆಯನ್ನು ಆ ಗಣಿಯಲ್ಲಿ ಯಾರೂ ಎತ್ತುವುದಿಲ್ಲ. ಓಡಿಹೋದವನದನ್ನು ಎತ್ತಲು ಯಾರಿಗೂ ಅಡ್ಡಿಯಿಲ್ಲ. ಹತ್ತು ವರ್ಷದಿಂದ ಆ ನಂಬರು ಹಲಗೆಯ ಮೇಲೆ ತೂಗುತ್ತಿದೆ ಎಂದರು. ಇದನ್ನು ವಕೀಲರಿಗೆ ಹೇಳಿದೆ. ಯಾರೂ ಮುಟ್ಟದ ಬಿಲ್ಲೆಯನ್ನು ಸಾಕ್ಷಿ ಕಟ್ಟೆಗೆ ಹತ್ತಿಸೋದು ಹೇಗೆ ಎಂದರು.

ಪಾಟಿ ಸವಾಲು ಆಗದ ಸಾಕ್ಷ್ಯಕ್ಕೆ ತೂಕವಿಲ್ಲ ಎಂಬುದನ್ನು ಅವರು ಅವಳಿಗೆ ತಿಳಿಸಿ ಹೇಳಲು ಬಹಳ ಹೊತ್ತು ಪ್ರಯತ್ನಿಸಿದರು.

“ಅವ್ರು ಕೇಳ್ದೆ ಬಿಟ್ರೆ ಇವ್ನು ಯೇಳಿದ್ದು ಸುಳ್ಳಾಗ್ತದಾ?” ಎಂದಳು.

ಸುಳ್ಳಾಗುವುದಿಲ್ಲ, ಲೆಕ್ಕಕ್ಕೆ ಬರುವುದಿಲ್ಲ ಎಂದರು ವಕೀಲರು.

1988ರಲ್ಲಿ ತೀರ್ಪು ಬಂತು. ಏಳು ವರ್ಷಕ್ಕೂ ಮೀರಿ ಸುದ್ದಿ ಇಲ್ಲದ ಕಾರಣ ಅವಳ ಗಂಡನನ್ನು ಮೃತನೆಂದು ಭಾವಿಸಬೇಕು ಎಂದು ನ್ಯಾಯಾಲಯ ಘೋಷಿಸಿತು. ಮಿಕ್ಕ ಕೋರಿಕೆಗಳನ್ನು ವಜಾ ಮಾಡಿತು. ಸುಮ್ಮನೆ ಕೂತಿದ್ದರೂ ಸಿಗುತ್ತಿದ್ದ ಕಾಗದ ಅದು. ಕಾರಣಗಳ ಪೈಕಿ ಒಂದು ಪ್ಯಾರಾ ನನ್ನ ಸುದ್ದಿಯ ಬಗ್ಗೆ ಇತ್ತು. ಘಟನೆಯ ವಾರದಲ್ಲೇ, ಯಾವ ಕಕ್ಷಿಗೂ ಸೇರದ ಪತ್ರಿಕೆಯೊಂದು ಬಿಡುಗಡೆಯನ್ನು ವರದಿ ಮಾಡಿದೆ. ವರದಿಗಾರ ಹತ್ತು ವರ್ಷದ ನಂತರ ಹೇಳುತ್ತಿರುವುದಕ್ಕಿಂತ ಅಂದು ಬರೆದದ್ದನ್ನು ನಂಬುವುದು ಸೂಕ್ತ ಎಂದು ನ್ಯಾಯಾಧೀಶರು ಬರೆದಿದ್ದರು. ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಹಾಗೆಯೇ ಬರೆಯುತ್ತಿದ್ದೆನೇನೋ. ಮೇಲ್ಮನವಿ ಬೇಡ ಎಂದಳು. ಹೇಳಲು ಯಾರೂ ಉಳಿದಿಲ್ಲವಲ್ಲ ಎಂಬುದು ಅವಳ ಕಾರಣ. ಟೈಂಕೀಪರು ಅದಾಗಲೇ ಕೆಲಸ ಬಿಟ್ಟು ವೆಲ್ಲೂರಿನ ಕಡೆ ಹೋಗಿ ಅಲ್ಲೇ ಸತ್ತಿದ್ದ.

ತೀರ್ಪಿನ ಎರಡು ವಾರದ ಮೇಲೆ ನನ್ನ ಮನೆಗೆ ಬಂದಳು. ಜಗಲಿಯಲ್ಲಿ ಕೂತು ನೀರು ಕುಡಿದಳು.

“ಕೋರ್ಟ್ ಬರ್ದಿದ್ನ ಕೋರ್ಟೇ ತಿದ್ಬೇಕು. ನೀವ್ ಬರ್ದಿದ್ನ ನೀವ್ ತಿದ್ಬೋದಲ್ಲ ಅಣ್ಣ,” ಎಂದಳು. ಅಣ್ಣ ಎಂದು ನನ್ನನ್ನು ಕರೆದದ್ದು ಅದೇ ಮೊದಲು.

ಬರೆದೆ. ಹನ್ನೆರಡು ವರ್ಷದ ಹಿಂದಿನ ಸುದ್ದಿಗೆ ತಿದ್ದುಪಡಿ ಹಾಕಿದ ಉದಾಹರಣೆ ಇಲ್ಲ ಎಂದು ಕಚೇರಿಯಲ್ಲಿ ಹೇಳಿದರು. ಮೇಲ್ಮನವಿ ಇಲ್ಲವೆಂಬುದನ್ನು ವಕೀಲರಿಂದ ಬರೆಸಿ ತಂದ ಮೇಲೆ ಸುದ್ದಿ ಸಂಪಾದಕರು ಒಪ್ಪಿದರು. ಗೊತ್ತಿದ್ದಷ್ಟನ್ನು ಮಾತ್ರ ಬರೆಯಲು ಸಾಧ್ಯವಿತ್ತು. 1976ರಲ್ಲಿ ಈ ಪತ್ರಿಕೆಯಲ್ಲಿ ಪ್ರಕಟವಾದ ಬಿಡುಗಡೆಯ ಸುದ್ದಿ ಪೊಲೀಸರ ಹೇಳಿಕೆ ಮತ್ತು ಗಣಿಯ ಹಾಜರಿ ಪುಸ್ತಕವನ್ನು ಆಧರಿಸಿತ್ತು. ಆ ಹಾಜರಿ ತನ್ನಿಂದಾದದ್ದು ಎಂದು ಸಹೋದ್ಯೋಗಿಯೊಬ್ಬರು ನ್ಯಾಯಾಲಯದಲ್ಲಿ ಹೇಳಿದ್ದಾರೆ. ಕಾರ್ಮಿಕ ಠಾಣೆಯಿಂದ ಹೊರಬಂದದ್ದನ್ನು ಕಂಡ ಯಾರನ್ನೂ ವರದಿಗಾರ ಭೇಟಿಯಾಗಿರಲಿಲ್ಲ, ಇಂದಿಗೂ ಅಂಥವರು ಸಿಕ್ಕಿಲ್ಲ. ಅಷ್ಟು.

ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಅದನ್ನು ಅವಳಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದಿ ಎಂದಳು. ಓದಿದೆ.

“ಠಾಣೆ ಅಂತ ಬಂದೈತಾ?”

“ಬಂದಿದೆ.”

“ಅಲ್ಲಿ ಸತ್ತ ಅಂತ?”

“ಇಲ್ಲ. ಅಲ್ಲಿಂದ ಆಚೆ ಬಂದಿದ್ನ ಯಾರೂ ನೋಡಿಲ್ಲ ಅಂತ ಬಂದಿದೆ.”

ಹಳೆಯ ಪೇಪರಿನಲ್ಲೂ ಇದನ್ನು ತಿದ್ದಿದ್ದೀರಾ ಎಂದು ಕೇಳಿದಳು. ಅಚ್ಚಾದದ್ದನ್ನು ತಿದ್ದಲಾಗುವುದಿಲ್ಲ, ಹಳೆಯ ಪತ್ರಿಕೆಗಳನ್ನು ತಿಂಗಳಿಗೊಂದರಂತೆ ಬೈಂಡು ಮಾಡಿ ಕಚೇರಿಯಲ್ಲಿ ಇಟ್ಟಿರುತ್ತಾರೆ ಎಂದೆ.

“ಮತ್ತೆ ಅದ್ನ ತೆಗ್ದು ನೋಡ್ದೋರ್ಗೆ ಇದು ಎಂಗ್ ಗೊತ್ತಾಗ್ತದೆ?”

ಗೊತ್ತಾಗುವುದಿಲ್ಲ ಎಂದೆ. ಗಾಡಿ ಬಂತು. ಪತ್ರಿಕೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದಳು.

ಮುಂದಿನ ವಾರ ಬೆಂಗಳೂರಿನ ಕಚೇರಿಗೆ ಹೋದಾಗ ಕಡತದ ಕೋಣೆಯಲ್ಲಿ ಆ ತಿಂಗಳ ಬೈಂಡನ್ನು ತೆಗೆಸಿದೆ. ನಾಲ್ಕನೆಯ ಪುಟ, ಸಿನಿಮಾ ಜಾಹೀರಾತಿನ ಪಕ್ಕ. ಅಂಚಿನಲ್ಲಿ ಪೆನ್ಸಿಲಿನಿಂದ, ಈ ಸುದ್ದಿ ತಪ್ಪು, ತಿದ್ದುಪಡಿಗೆ ಇಂಥ ದಿನದ ಪುಟ ನೋಡಿ ಎಂದು ಬರೆದೆ. ಬೈಂಡುಗಳ ಮೇಲೆ ಬರೆಯುವ ಹಾಗಿಲ್ಲ; ಅದಕ್ಕೇ ಪೆನ್ಸಿಲು.

ತೊಂಬತ್ತರ ದಶಕದ ನಡುವೆ ಇನ್ನೇನೋ ಹುಡುಕುತ್ತ ಅದೇ ಸಂಪುಟ ನನ್ನ ಕೈಗೆ ಬಂತು. ಅಷ್ಟು ಹೊತ್ತಿಗೆ ಅವಳು ಇರಲಿಲ್ಲ. ಅದಕ್ಕೆ ಎರಡು ವರ್ಷ ಮುಂಚೆ ಹಳ್ಳಿಯಲ್ಲಿ ಜ್ವರದಿಂದ ತೀರಿಕೊಂಡಿದ್ದಳು. ಸಂಪುಟಗಳಿಗೆ ಹೊಸ ರಟ್ಟು ಹಾಕಿಸಿದ್ದರು. ಹಾಕಿಸುವಾಗ ಮೂರೂ ಕಡೆಯ ಅಂಚುಗಳನ್ನು ಯಂತ್ರಕ್ಕೆ ಕೊಟ್ಟು ಸಮ ಮಾಡಿಸಿದ್ದರು. ನಾನು ಬರೆದದ್ದರಲ್ಲಿ ‘ನೋಡಿ’ ಎಂಬುದೊಂದು ಉಳಿದಿತ್ತು. ಏನನ್ನು ನೋಡಬೇಕು ಎಂಬುದು ಕತ್ತರಿಸಿಹೋಗಿತ್ತು.

ಕೋಣೆಯ ಉಸ್ತುವಾರಿಯವರು ಊಟಕ್ಕೆ ಎದ್ದ ಮೇಲೆ ಜೇಬಿನಿಂದ ಪೆನ್ನು ತೆಗೆದೆ. ಈ ಸಲ ಅಂಚಿನಲ್ಲಿ ಬರೆಯಲಿಲ್ಲ. ‘ಬಿಡುಗಡೆ’ ಎಂಬ ಪದದ ಮೇಲೆ ಗೆರೆ ಎಳೆದು, ಮೂರು ಸಾಲುಗಳ ನಡುವೆ ಇದ್ದ ಜಾಗದಲ್ಲಿ, ಅಕ್ಷರ ಆದಷ್ಟು ಚಿಕ್ಕದಾಗಿ, ಅವಳು ಕೋರ್ಟಿನಿಂದ ಬಯಸಿದ್ದ ಆ ಒಂದು ಸಾಲನ್ನು ಬರೆದೆ: ಠಾಣೆಯಲ್ಲಿ ಸತ್ತ. ಕೆಳಗೆ ನನ್ನ ಸಹಿ ಹಾಕಿದೆ.